ಮೀನಿನ ತೊಟ್ಟಿಯ ವಾಲ್ವ್ ಮತ್ತು 1986ರ ಸಾಬ್: ಮನೆಯಲ್ಲೇ ಬೂಸ್ಟ್ ಏರಿಸಿದ ಒಂದು ಪ್ರಕರಣದ ಅಧ್ಯಯನ

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ವಾಹನೋದ್ಯಮದಲ್ಲಿ ದುಡಿಯುವ ಕನ್ನಡಿಗ ಎಂಜಿನಿಯರುಗಳು ಈಗ ಅಪರೂಪವೇನಲ್ಲ. ಅವರಲ್ಲೊಬ್ಬರು, ಹಗಲೆಲ್ಲ ಸಾಫ್ಟ್‌ವೇರ್ ಬರೆದು ಸಂಜೆಯ ಹೊತ್ತಿಗೆ ಕೈಗೆ ಗ್ರೀಸು ಹತ್ತಿಸಿಕೊಳ್ಳುವ ಆಸೆಯುಳ್ಳವರು, ಸ್ವೀಡನ್ನಿನದೇ ಸಾಬ್ ಕಂಪನಿಯ 1986ರ ಮಾದರಿಯ 900 ಟರ್ಬೊ 16 ಕಾರೊಂದನ್ನು ಕೊಂಡರು. ಬೇಸಿಗೆಯಲ್ಲಿ ಕಾರು ಚೆನ್ನಾಗಿಯೇ ಓಡಿತು. ಚಳಿಗಾಲಕ್ಕೆ ಮುನ್ನ ಅವರು, ಟರ್ಬೊ ಒತ್ತಿದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಕಡೆಗೆ ಹೋಗುವ, ಬಿರುಕು ಬಿಟ್ಟಿದ್ದ ರಬ್ಬರ್ ಹೋಸನ್ನು ತೆಗೆದು ಹೊಸ ಸಿಲಿಕೋನ್ ಹೋಸ್ ಹಾಕಿದರು. ತೊಂದರೆ ಶುರುವಾದದ್ದು ಆಮೇಲೆ. ಮೂರನೆಯ ಅಥವಾ ನಾಲ್ಕನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಕಾರು ರಭಸದಿಂದ ಮುನ್ನುಗ್ಗಿ, ಮರುಕ್ಷಣದಲ್ಲೇ ಪೆಟ್ರೋಲ್ ನಿಂತುಹೋದಂತೆ ಮುಗ್ಗರಿಸುತ್ತಿತ್ತು. ಕಾಲು ತೆಗೆದರೆ ಮತ್ತೆ ಸರಿಯಾಗುತ್ತಿತ್ತು. ಚಳಿ ಹೆಚ್ಚಿದಷ್ಟೂ ಮುಗ್ಗರಿಕೆಯೂ ಹೆಚ್ಚು.

ಅವರು ತಮ್ಮ ಮಟ್ಟಿಗೆ ಕಾರಣವನ್ನು ಹುಡುಕಿಕೊಂಡೇ ನನ್ನ ಬಳಿಗೆ ಬಂದಿದ್ದರು. ಈ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಒತ್ತಡದ ಸ್ವಿಚ್ ಇದ್ದು, ಬೂಸ್ಟ್, ಅಂದರೆ ಹೊಗೆಯ ರಭಸದಿಂದ ತಿರುಗುವ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ, ಮಿತಿ ಮೀರಿದಾಗ ಅದು ಪೆಟ್ರೋಲ್ ಪಂಪಿನ ರಿಲೇಯನ್ನು ಬಿಡಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಅವರ ಪ್ರಶ್ನೆ ನೇರವಾಗಿತ್ತು: "ಸಾರ್, ಆ ಸ್ವಿಚ್ಚಿನ ಎರಡು ವೈರ್ ಸೇರಿಸಿಬಿಟ್ಟರೆ ಆಯ್ತಲ್ವಾ?"

ವೈರ್ ಸೇರಿಸಿದರೆ ಮುಗ್ಗರಿಕೆ ನಿಲ್ಲುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಹಾಗೆ ಮಾಡದೆ ಏನನ್ನು ಮಾಡಲಾಯಿತು, ಏಕೆ ಮಾಡಲಾಯಿತು ಎಂಬುದು ಈ ಅಧ್ಯಯನದ ವಿಷಯ.

ಕಾರಿನ ಹಿನ್ನೆಲೆ

ಸಾಬ್ ಕಂಪನಿಯು ತನ್ನ ಮೊದಲ ಟರ್ಬೊ ಕಾರಾದ 99 ಟರ್ಬೊವನ್ನು 1977ರ ಫ್ರಾಂಕ್‌ಫರ್ಟ್ ವಾಹನ ಪ್ರದರ್ಶನದಲ್ಲಿ ಜನರ ಮುಂದಿಟ್ಟಿತು. ಎರಡು ಲೀಟರಿನ ಎಂಜಿನ್, ಗ್ಯಾರೆಟ್ ಕಂಪನಿಯ ಟಿ3 ಟರ್ಬೊ, 145 ಅಶ್ವಶಕ್ತಿ. ಅದರ ಜಾಣ್ಮೆಯಿದ್ದದ್ದು ಟರ್ಬೊವನ್ನು ಚಿಕ್ಕದಾಗಿಟ್ಟು, ಕಡಿಮೆ ಆರ್‌ಪಿಎಮ್‌ನಲ್ಲೇ ಬೂಸ್ಟ್ ಸಿಗುವಂತೆ ಮಾಡಿ, ಮೇಲಿನ ಆರ್‌ಪಿಎಮ್‌ನಲ್ಲಿ ಹೆಚ್ಚಾಗುವ ಹೊಗೆಯನ್ನು ವೇಸ್ಟ್‌ಗೇಟ್ ಎಂಬ ಕಿಂಡಿಯ ಮೂಲಕ ಟರ್ಬೈನಿಗೆ ತಗಲದಂತೆ ಹೊರಬಿಟ್ಟದ್ದರಲ್ಲಿ. ಆದರೆ ಸಿಲಿಂಡರಿನೊಳಗಿನ ಮಿಶ್ರಣ ತಾನಾಗಿ ಸಿಡಿಯುವ ನಾಕಿಂಗ್ ಭಯದಿಂದ ಎಂಜಿನ್ನಿನ ಕಂಪ್ರೆಷನ್ ಅನುಪಾತವನ್ನು (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) 7.2ಕ್ಕೆ ಇಳಿಸಬೇಕಾಯಿತು. ಬೂಸ್ಟ್ ಇಲ್ಲದ ಹೊತ್ತಿನಲ್ಲಿ, ಅಂದರೆ ದಿನದ ಬಹುಪಾಲು ಓಡಾಟದಲ್ಲಿ, ಅಂಥ ಎಂಜಿನ್ ಸಪ್ಪೆ. ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ.

ಇದಕ್ಕೆ ಪರಿಹಾರವಾಗಿ ಪೆರ್ ಗಿಲ್‌ಬ್ರಾಂಡ್ ಎಂಬ ಎಂಜಿನಿಯರ್ ಮುಂದಾಳತ್ವದಲ್ಲಿ ರೂಪುಗೊಂಡದ್ದೇ ಎಪಿಸಿ (ಆಟೋಮ್ಯಾಟಿಕ್ ಪರ್ಫಾರ್ಮೆನ್ಸ್ ಕಂಟ್ರೋಲ್) ವ್ಯವಸ್ಥೆ. 1982ರ ಮಾದರಿಯ 900 ಟರ್ಬೊದಿಂದ ಅದು ಬಳಕೆಗೆ ಬಂತು. ಎಂಜಿನ್ ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಸಿಲಿಂಡರಿನೊಳಗಿನ ಅಕಾಲ ಸ್ಫೋಟದ ಕಂಪನವನ್ನು ಕೇಳಿಸಿಕೊಳ್ಳುತ್ತದೆ. ಇನ್ನೊಂದು ಸೆನ್ಸರ್ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುತ್ತದೆ. ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಇವೆರಡನ್ನೂ ನೋಡಿಕೊಂಡು, ವಿದ್ಯುತ್ತಿನಿಂದ ಆಡುವ, ಮೂರು ಬಾಯಿಯ ಸೊಲೆನಾಯ್ಡ್ ವಾಲ್ವಿನ ಮೂಲಕ ವೇಸ್ಟ್‌ಗೇಟನ್ನು ಆಡಿಸುತ್ತದೆ. ಒಳ್ಳೆಯ ಪೆಟ್ರೋಲ್ ಹಾಕಿದರೆ ಪೂರ್ತಿ ಬೂಸ್ಟ್, ಕಡಿಮೆ ಆಕ್ಟೇನಿನ (ನಾಕಿಂಗ್ ತಡೆಯುವ ಗುಣದ ಅಳತೆ) ಪೆಟ್ರೋಲ್ ಹಾಕಿದರೆ ಎಂಜಿನ್ ತಡೆದುಕೊಳ್ಳುವಷ್ಟೇ ಬೂಸ್ಟ್. ಈ ಕಾವಲಿನ ಧೈರ್ಯದಿಂದಲೇ ಕಂಪ್ರೆಷನ್ ಅನುಪಾತವನ್ನು 8.5ಕ್ಕೂ, 16 ವಾಲ್ವಿನ ಎಂಜಿನ್ ಬಂದಾಗ 9ಕ್ಕೂ ಏರಿಸಲು ಸಾಧ್ಯವಾಯಿತು. ನಮ್ಮ ಪ್ರಕರಣದ ಕಾರಿನಲ್ಲಿರುವುದು ಆ 16 ವಾಲ್ವಿನ ಎಂಜಿನ್ನೇ: 1985 ಸಿಸಿ, ಇಂಟರ್‌ಕೂಲರ್, ಬಾಷ್ ಕಂಪನಿಯ ಎಲ್‌ಎಚ್-ಜೆಟ್ರಾನಿಕ್ ಇಂಜೆಕ್ಷನ್, ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಮಾದರಿ, 175 ಅಶ್ವಶಕ್ತಿ, 3000 ಆರ್‌ಪಿಎಮ್‌ನಲ್ಲೇ 273 ನ್ಯೂಟನ್ ಮೀಟರ್ ಟಾರ್ಕ್.

ಮುಂದಿನ ವಿವರಣೆಯೆಲ್ಲ ನಿಂತಿರುವುದು ಇಲ್ಲಿನ ಒಂದು ಸಂಗತಿಯ ಮೇಲೆ. ಈ ತಲೆಮಾರಿನ ಎಪಿಸಿಗೆ ಇಗ್ನಿಷನ್ ಸಮಯದ ಮೇಲೆ ಯಾವ ಹಿಡಿತವೂ ಇಲ್ಲ. ಕಿಡಿ ಯಾವಾಗ ಹಾರಬೇಕೆಂಬುದನ್ನು ಡಿಸ್ಟ್ರಿಬ್ಯೂಟರ್ ತನ್ನ ಪಾಡಿಗೆ ತಾನು ನಿರ್ಧರಿಸುತ್ತದೆ; ನಾಕಿಂಗ್ ಆಗುತ್ತಿದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ನಾಕಿಂಗ್ ಕೇಳಿಸಿದಾಗ ಎಪಿಸಿ ಮಾಡಬಲ್ಲ ಕೆಲಸ ಒಂದೇ, ಬೂಸ್ಟ್ ಇಳಿಸುವುದು. ಅದನ್ನೂ ಅದು ಸೊನ್ನೆಗೆ ಇಳಿಸಲಾರದು. ಸೊಲೆನಾಯ್ಡ್ ಸಂಪೂರ್ಣ ಸುಮ್ಮನಾದಾಗ ವೇಸ್ಟ್‌ಗೇಟನ್ನು ಗಾಳಿಯ ಒತ್ತಡದಿಂದ ತೆರೆಯುವ ಡಬ್ಬಿಯೊಳಗಿನ ಸ್ಪ್ರಿಂಗ್ ಎಷ್ಟು ಒತ್ತಡಕ್ಕೆ ಬಗ್ಗುತ್ತದೋ ಅಷ್ಟು ಬೂಸ್ಟ್ ಉಳಿದೇ ಇರುತ್ತದೆ. ಇದನ್ನು ಮೂಲ ಬೂಸ್ಟ್ ಎನ್ನೋಣ. ಸರಿಯಾಗಿರುವ ಕಾರಿನಲ್ಲಿ ಅದು ಸುಮಾರು 0.4 ಬಾರ್ (ಒಂದು ಬಾರ್ ಎಂದರೆ ಸರಿಸುಮಾರು ಸಮುದ್ರಮಟ್ಟದ ವಾಯುಭಾರ); ಎಪಿಸಿ ಕೊಡುವ ಗರಿಷ್ಠ ಸುಮಾರು 0.8 ಬಾರ್. ಕೆಳಮಿತಿ 0.4, ಮೇಲ್ಮಿತಿ 0.8, ಎಪಿಸಿಯ ಅಧಿಕಾರವೆಲ್ಲ ಈ ಎರಡರ ನಡುವಿನ ಜಾಗದಲ್ಲಿ.

ತಪಾಸಣೆ

ಸಾಬ್ ಕಾರಿನ ಬೂಸ್ಟ್ ಗೇಜಿನಲ್ಲಿ ಅಂಕಿಗಳಿರುವುದಿಲ್ಲ, ಬಣ್ಣದ ಪಟ್ಟಿಗಳಷ್ಟೇ ಇರುತ್ತವೆ. ಚಾಲಕನಿಗೆ ಅಷ್ಟು ಸಾಕು ಎಂದು ಕಂಪನಿ ಭಾವಿಸಿದ್ದು ತಪ್ಪೇನಲ್ಲ. ಆದರೆ ತಪಾಸಣೆಗೆ ಅದು ಸಾಲದು. ಆದ್ದರಿಂದ ಥ್ರಾಟಲಿನ ನಂತರದ ಸಣ್ಣ ಹೋಸಿಗೆ ಟೀ ಜಾಯಿಂಟ್ ಹಾಕಿ, ಅಂಕಿಗಳಿರುವ ಗೇಜೊಂದನ್ನು ಕಾರಿನೊಳಗೆ ತರಲಾಯಿತು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಗೇಜ್ ನೋಡಬೇಕು. ಇವೆರಡನ್ನೂ ಒಬ್ಬರೇ ಮಾಡಲು ಹೋಗುವುದು ಮೂರ್ಖತನ.

ಬೂಸ್ಟ್ 0.9 ಬಾರಿನ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಮುಳ್ಳು 1 ಬಾರನ್ನು ದಾಟಿ ಜಿಗಿಯುತ್ತಿತ್ತು. ಮುಗ್ಗರಿಕೆ ಆಗುತ್ತಿದ್ದುದು ಸರಿಯಾಗಿ ಆ ಜಿಗಿತದ ಹೊತ್ತಿಗೆ. ಅಂದರೆ ಸ್ವಿಚ್ ಕೆಟ್ಟಿರಲಿಲ್ಲ. ಅದು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು.

ಮುಂದಿನ ಪರೀಕ್ಷೆಗೆ ಖರ್ಚು ಏನೂ ಇಲ್ಲ, ಆದರೆ ಇಡೀ ಪ್ರಕರಣವನ್ನು ಬಿಡಿಸಿಟ್ಟದ್ದು ಅದೇ. ಸೊಲೆನಾಯ್ಡ್ ವಾಲ್ವಿನ ವಿದ್ಯುತ್ ಪ್ಲಗ್ಗನ್ನು ಕಿತ್ತು ಮತ್ತೆ ಕಾರು ಓಡಿಸಲಾಯಿತು. ಎಪಿಸಿ ಹೊರಗಾದ ಮೇಲೆ ಬೂಸ್ಟ್ ಮೂಲ ಮಟ್ಟಕ್ಕೆ, ಅಂದರೆ 0.4ರ ಹತ್ತಿರಕ್ಕೆ ಕುಸಿಯಬೇಕು. ಕಾರು ತೀರಾ ಸೊರಗಿದಂತೆ ಅನ್ನಿಸಬೇಕು. ಹಾಗೇನೂ ಆಗಲಿಲ್ಲ. ಪ್ಲಗ್ ಇದ್ದರೂ 0.9, ಇಲ್ಲದಿದ್ದರೂ 0.9. ಜಿಗಿತ ಮಾತ್ರ ಸ್ವಲ್ಪ ತಗ್ಗಿತು. ಕೆಳಮಿತಿಯೇ ಮೇಲ್ಮಿತಿಯನ್ನು ದಾಟಿ ಕುಳಿತಿತ್ತು. ಎಪಿಸಿಯ ಒಂದೊಂದು ಭಾಗವೂ ಆರೋಗ್ಯವಾಗಿತ್ತು, ಆದರೆ ಅದರ ಕೈಯಲ್ಲಿ ಹಿಂತೆಗೆದುಕೊಳ್ಳಲು ಏನೂ ಉಳಿದಿರಲಿಲ್ಲ.

ಬಾನೆಟ್ ಎತ್ತಿ, ಟರ್ಬೊವಿನಿಂದ ವೇಸ್ಟ್‌ಗೇಟ್ ಡಬ್ಬಿಗೆ ಹೋಗುವ ಬೆರಳು ದಪ್ಪವೂ ಇಲ್ಲದ ಹೋಸನ್ನು ಕೈಯಿಂದ ತಡವುತ್ತಾ ಹೋದಾಗ ಕಾರಣ ಸಿಕ್ಕಿತು. ಹೋಸನ್ನು ಮಧ್ಯದಲ್ಲಿ ಕತ್ತರಿಸಿ ಪ್ಲಾಸ್ಟಿಕ್ ಟೀ ಒಂದನ್ನು ಸೇರಿಸಲಾಗಿತ್ತು. ಅದರ ಮೂರನೆಯ ಬಾಯಿಗೆ, ಮನೆಗಳಲ್ಲಿ ಮೀನಿನ ತೊಟ್ಟಿಯ ಗಾಳಿ ಪಂಪಿಗೆ ಹಾಕುವಂಥ ಪುಟ್ಟ ತಿರುವು ವಾಲ್ವನ್ನು ಸಿಕ್ಕಿಸಿ, ಮೇಲೆ ವೈರಿಂಗ್ ಟೇಪ್ ಸುತ್ತಿ, ಕಾರ್ಖಾನೆಯದೇ ಹೋಸಿನಂತೆ ಕಾಣಿಸುವ ಹಾಗೆ ಮಾಡಲಾಗಿತ್ತು. ಟೇಪು ಟರ್ಬೊವಿನ ಕಾವಿಗೆ ಒಣಗಿ ಎಲೆಯಂತೆ ಉದುರುತ್ತಿತ್ತು. ಇಷ್ಟು ಸಾಲದೆಂಬಂತೆ ವೇಸ್ಟ್‌ಗೇಟಿನ ಸರಳಿನ ತುದಿಯ ಲಾಕ್‌ನಟ್ ಮೇಲೆ ಸ್ಪ್ಯಾನರ್ ಜಾರಿದ ಗೀರುಗಳಿದ್ದವು. ಸರಳನ್ನು ಗಿಡ್ಡ ಮಾಡಿ, ಸ್ಪ್ರಿಂಗಿಗೆ ಮೊದಲೇ ಬಿಗಿತ ಕೊಟ್ಟು, ಕಿಂಡಿ ತಡವಾಗಿ ತೆರೆಯುವಂತೆ ಮಾಡಿದ್ದರು. ಎಂಬತ್ತು ತೊಂಬತ್ತರ ದಶಕದ ಟರ್ಬೊ ಕಾರುಗಳಿಗೆ ಮನೆಯಂಗಳದಲ್ಲಿ ನಡೆಯುತ್ತಿದ್ದ ಮಾರ್ಪಾಡುಗಳಲ್ಲಿ ಇವೆರಡೂ ಅತ್ಯಂತ ಪ್ರಚಲಿತವಾದವು, ಅತ್ಯಂತ ಅಗ್ಗವಾದವು.

ಸಣ್ಣ ರಂಧ್ರದ ಲೆಕ್ಕ

ಮೀನಿನ ತೊಟ್ಟಿಯ ವಾಲ್ವ್ ಬೂಸ್ಟನ್ನು ಹೇಗೆ ಏರಿಸುತ್ತದೆ ಎಂಬುದನ್ನು ಕೊಂಚ ನಿಧಾನವಾಗಿ ನೋಡಬೇಕು, ಏಕೆಂದರೆ ಇದನ್ನು ಹಾಕಿಕೊಳ್ಳುವ ಹೆಚ್ಚಿನವರು ನಲ್ಲಿಯಂತೆ ಸ್ವಲ್ಪ ತಿರುಗಿಸಿದರೆ ಸ್ವಲ್ಪ, ಹೆಚ್ಚು ತಿರುಗಿಸಿದರೆ ಹೆಚ್ಚು ಎಂದುಕೊಂಡಿರುತ್ತಾರೆ.

ವೇಸ್ಟ್‌ಗೇಟ್ ಡಬ್ಬಿಗೆ ಬರುವ ಗಾಳಿಯ ಒಂದು ಪಾಲನ್ನು ಈ ವಾಲ್ವ್ ಹೊರಗೆ ಸೋರಲು ಬಿಡುತ್ತದೆ. ಆಗ ಟರ್ಬೊ ಕೊಡುತ್ತಿರುವ ಒತ್ತಡಕ್ಕಿಂತ ಡಬ್ಬಿಗೆ ಕಾಣಿಸುವ ಒತ್ತಡ ಕಡಿಮೆಯಾಗುತ್ತದೆ, ಡಬ್ಬಿ 0.4 ಕಾಣುವ ತನಕ ಕಿಂಡಿ ತೆರೆಯುವುದಿಲ್ಲ, ಅಷ್ಟರಲ್ಲಿ ಮ್ಯಾನಿಫೋಲ್ಡಿನ ಒತ್ತಡ ಎಲ್ಲಿಗೋ ಏರಿರುತ್ತದೆ. ಗಾಳಿ ಒಳಬರುವ ರಂಧ್ರ ಮತ್ತು ಸೋರಿಹೋಗುವ ರಂಧ್ರ ಎರಡೂ ಸಾಲಾಗಿ ಇರುವುದರಿಂದ, ಡಬ್ಬಿಗೆ ದಕ್ಕುವ ಪಾಲು ಅವುಗಳ ವಿಸ್ತೀರ್ಣದ ವರ್ಗವನ್ನು, ಅಂದರೆ ವ್ಯಾಸದ ನಾಲ್ಕನೆಯ ಘಾತವನ್ನು ಅವಲಂಬಿಸುತ್ತದೆ. ಒಳಬರುವ ರಂಧ್ರ 1.5 ಮಿಲಿಮೀಟರ್ ಎಂದು ಇಟ್ಟುಕೊಂಡು ಸರಳ ಲೆಕ್ಕ ಹಾಕಿದರೆ, ಸೋರುವ ರಂಧ್ರ 1 ಮಿಲಿಮೀಟರ್ ಇದ್ದಾಗ ಬೂಸ್ಟ್ 0.4ರಿಂದ 0.48ಕ್ಕೆ ಮಾತ್ರ ಏರುತ್ತದೆ. 1.3 ಮಾಡಿದರೆ 0.63. 1.5 ಮಾಡಿದರೆ 0.8, ಅಂದರೆ ನೇರವಾಗಿ ಇಮ್ಮಡಿ. 1.7 ಮಾಡಿದರೆ 1.06. ಮೊದಲ ಒಂದು ಮಿಲಿಮೀಟರ್ ತೆರೆದಾಗ ಹೆಚ್ಚೇನೂ ಆಗುವುದಿಲ್ಲ, ಆಮೇಲೆ ಒಂದೊಂದು 0.2 ಮಿಲಿಮೀಟರಿನಲ್ಲೂ ಎಂಜಿನ್ನಿನ ಹಣೆಬರಹವೇ ಬದಲಾಗುತ್ತದೆ. ವಾಸ್ತವದಲ್ಲಿ ಹೊಗೆಯ ಒತ್ತಡವೂ ಕಿಂಡಿಯನ್ನು ತಳ್ಳುವುದರಿಂದ ಅಂಕಿಗಳು ಅಷ್ಟಿಷ್ಟು ಬದಲಾಗಬಹುದು, ಆದರೆ ಏರಿಕೆಯ ಸ್ವಭಾವ ಇದೇ.

ಟರ್ಬೊವಿನ ಪಕ್ಕದಲ್ಲಿ ಬಿಸಿಯಾಗುತ್ತಾ, ಎಂಜಿನ್ನಿನೊಡನೆ ನಡುಗುತ್ತಾ ಇರುವ ಪ್ಲಾಸ್ಟಿಕ್ ವಾಲ್ವಿನ ಮೇಲೆ ಇಷ್ಟು ಸೂಕ್ಷ್ಮವಾದ ಹೊಂದಾಣಿಕೆಯನ್ನು ವರ್ಷಗಟ್ಟಲೆ ನಂಬಿ ಕೂರುವುದು ಹೇಗೆ? ಅದಕ್ಕಿಂತ ದೊಡ್ಡ ಅಪಾಯ ಟೀ ಜಾಯಿಂಟಿನದು. ಆ ಪ್ಲಾಸ್ಟಿಕ್ ಮುರಿದರೆ ಅಥವಾ ಹೋಸ್ ಕಳಚಿದರೆ ಡಬ್ಬಿಗೆ ಒತ್ತಡವೇ ತಲುಪುವುದಿಲ್ಲ, ಕಿಂಡಿ ತೆರೆಯುವುದೇ ಇಲ್ಲ, ಟರ್ಬೊ ತನ್ನ ಶಕ್ತಿಯಿದ್ದಷ್ಟು ಒತ್ತಡವನ್ನು ಎಂಜಿನ್ನಿಗೆ ತುಂಬುತ್ತದೆ. ಆ ಗಳಿಗೆಯಲ್ಲಿ ಎಂಜಿನ್ನಿಗೂ ಕರಗಿದ ಪಿಸ್ಟನ್ನಿಗೂ ನಡುವೆ ನಿಂತಿರುವುದು ಡ್ಯಾಶ್‌ಬೋರ್ಡಿನ ಕೆಳಗಿನ ಆ ಸ್ವಿಚ್ ಒಂದೇ. ವೈರ್ ಸೇರಿಸುವ ಪ್ರಶ್ನೆಗೆ ಉತ್ತರ ಇಲ್ಲೇ ಮುಗಿಯಿತು. ಮಾಲೀಕರು ಅದನ್ನು ಮತ್ತೆ ಎತ್ತಲಿಲ್ಲ.

ಚಳಿಯಲ್ಲಿ ಮುಗ್ಗರಿಕೆ ಹೆಚ್ಚಾಗುತ್ತಿದ್ದುದಕ್ಕೂ ವಿವರಣೆ ಇದರಲ್ಲೇ ಇದೆ. ತಣ್ಣನೆಯ ಗಾಳಿ ಸಾಂದ್ರವಾದುದು. ಎಂಜಿನ್ ಹೆಚ್ಚು ಗಾಳಿ ನುಂಗಿ ಹೆಚ್ಚು ಹೊಗೆ ಬಿಡುತ್ತದೆ, ಟರ್ಬೊ ಬೇಗ ವೇಗ ಪಡೆಯುತ್ತದೆ. ಒತ್ತಡ ಗುರಿ ಮುಟ್ಟುವ ತನಕ ಎಪಿಸಿ ಕೂಡ, ಬೂಸ್ಟ್ ಬೇಗ ಏರಲಿ ಎಂದು, ತನ್ನ ಪಾಲಿನ ಗಾಳಿಯನ್ನು ಸೋರಿಸುತ್ತಿರುತ್ತದೆ. ಮನೆಯ ವಾಲ್ವಿನ ಸೋರಿಕೆ ಮತ್ತು ಎಪಿಸಿಯ ಸೋರಿಕೆ ಎರಡೂ ಕೂಡಿದಾಗ ಡಬ್ಬಿಗೆ ಸುದ್ದಿ ಮುಟ್ಟುವುದೇ ತಡ. ಅದು ಎಚ್ಚೆತ್ತು ಕಿಂಡಿ ತೆರೆಯುವಷ್ಟರಲ್ಲಿ ಮುಳ್ಳು 1 ಬಾರ್ ದಾಟಿರುತ್ತದೆ.

ಹೊಸ ಹೋಸ್ ಹಾಕಿದ ಮೇಲೇ ಏಕೆ?

ಬೇಸಿಗೆಯುದ್ದಕ್ಕೂ ಇದೇ ವಾಲ್ವ್ ಕಾರಿನಲ್ಲಿತ್ತಲ್ಲ, ಆಗ ಏಕೆ ಮುಗ್ಗರಿಸಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ತೆಗೆದಿಟ್ಟಿದ್ದ ಹಳೆಯ ಹೋಸನ್ನು ಗ್ಯಾರೇಜಿನ ಮೂಲೆಯಿಂದ ತಂದು ಬಗ್ಗಿಸಿ ನೋಡಿದಾಗ ಒಳಮಡಿಕೆಯಲ್ಲಿ ಉದ್ದನೆಯ ಸೀಳು ಬಾಯಿ ತೆರೆಯಿತು. ಎಂಜಿನ್ ಸುಮ್ಮನೆ ನಿಂತಿದ್ದಾಗ ಮುಚ್ಚಿಕೊಂಡಿದ್ದು, ಬೂಸ್ಟ್ ಬಂದಾಗ ಮಾತ್ರ ತೆರೆದುಕೊಳ್ಳುವಂಥ ಸೀಳು.

ವೇಸ್ಟ್‌ಗೇಟಿಗೆ ಒತ್ತಡದ ಸುದ್ದಿ ಹೋಗುವುದು ಟರ್ಬೊವಿನ ಬಾಯಿಯಿಂದ. ಸ್ವಿಚ್ಚಿಗೆ ಮತ್ತು ಎಪಿಸಿಗೆ ಹೋಗುವುದು ಮ್ಯಾನಿಫೋಲ್ಡಿನಿಂದ. ಸೀಳು ಇವೆರಡರ ನಡುವೆ ಇತ್ತು. ಹಾಗಾಗಿ ಟರ್ಬೊ ಬಾಯಿಯಲ್ಲಿ ಒತ್ತಡ ಇದ್ದರೂ ಮ್ಯಾನಿಫೋಲ್ಡಿಗೆ ತಲುಪುವಷ್ಟರಲ್ಲಿ ಒಂದು ಪಾಲು ಹೊರಗೆ ಹೋಗುತ್ತಿತ್ತು. ಹಿಂದಿನ ಮಾಲೀಕರಿಗೆ ಕಾರು ಮೊದಲಿನಂತೆ ಎಳೆಯುತ್ತಿಲ್ಲ ಅನ್ನಿಸಿರಬೇಕು. ಸೋರಿಕೆ ಹುಡುಕುವ ಬದಲು ಅವರು ವೇಸ್ಟ್‌ಗೇಟಿನ ಮೇಲೆ ಕೈ ಹಾಕಿದರು ಎಂಬುದು ನನ್ನ ಊಹೆ, ಮತ್ತು ಸಾಕ್ಷ್ಯಗಳೆಲ್ಲ ಆ ಊಹೆಗೆ ಒಪ್ಪುತ್ತವೆ. ಹಳೆಯ ಟರ್ಬೊ ಕಾರುಗಳಲ್ಲಿ ಕಾಣಸಿಗುವ ಮನೆಮಾರ್ಪಾಡುಗಳಲ್ಲಿ ಬಹುಪಾಲು ಹೆಚ್ಚಿನ ಶಕ್ತಿಗಾಗಿ ಮಾಡಿದವಲ್ಲ, ಕಳೆದುಹೋದ ಶಕ್ತಿಯನ್ನು ತಪ್ಪು ದಾರಿಯಲ್ಲಿ ಮರಳಿ ತರಲು ಮಾಡಿದವು ಎಂಬುದು ನನ್ನ ಅನುಭವ.

ಸೋರಿಕೆಗೆ ಇನ್ನೊಂದು ಮುಖವೂ ಇತ್ತು. ಎಲ್‌ಎಚ್-ಜೆಟ್ರಾನಿಕ್ ವ್ಯವಸ್ಥೆಯಲ್ಲಿ ಕಾದ ತಂತಿಯ ಮೀಟರೊಂದು ಟರ್ಬೊವಿಗಿಂತ ಮೊದಲೇ ಗಾಳಿಯನ್ನು ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಲೆಕ್ಕ ಹಾಕುತ್ತದೆ. ಅಳೆದ ಗಾಳಿ ಆಮೇಲೆ ಸೋರಿದರೆ ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ. ಹಾಗೆ ಹೆಚ್ಚಾದ ಪೆಟ್ರೋಲ್ ಸಿಲಿಂಡರನ್ನು ತಂಪಾಗಿಟ್ಟು ನಾಕಿಂಗನ್ನು ಮುಚ್ಚಿಡುತ್ತಿತ್ತು. ಹೊಸ ಹೋಸ್ ಬಂದೊಡನೆ ಸೋರಿಕೆ ನಿಂತಿತು, ಮ್ಯಾನಿಫೋಲ್ಡಿಗೆ ಪೂರ್ತಿ ಒತ್ತಡ ಮುಟ್ಟಿತು, ಮಿಶ್ರಣ ಸರಿಹೋಯಿತು. ಅಡಗಿ ಕುಳಿತಿದ್ದ ವಾಲ್ವಿನ ನಿಜವಾದ ಪರಿಣಾಮ ಹೊರಬಿತ್ತು. ಮಾಲೀಕರು ಮಾಡಿದ ಒಳ್ಳೆಯ ಕೆಲಸದ ಮೇಲೆ ಅಪವಾದ ಬಂದದ್ದು ಹೀಗೆ.

ಶೇಕಡಾ ನಾಲ್ಕಕ್ಕಾಗಿ

ಈ ಮಾರ್ಪಾಡಿನಿಂದ ನಿಜಕ್ಕೂ ಸಿಕ್ಕಿದ್ದೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡುವುದು ನ್ಯಾಯ. ಬೂಸ್ಟ್ ಗೇಜ್ ತೋರಿಸುವುದು ಒತ್ತಡವನ್ನು. ಎಂಜಿನ್ನಿಗೆ ಬೇಕಾದದ್ದು ಗಾಳಿಯ ತೂಕ. ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿಯಲ್ಲಿ ಆಮ್ಲಜನಕ ಕಡಿಮೆ.

ಹೊರಗಿನ ಗಾಳಿ 20 ಡಿಗ್ರಿ ಸೆಲ್ಸಿಯಸ್ ಇದ್ದು, ಕಂಪ್ರೆಸರಿನ ದಕ್ಷತೆ ಶೇಕಡಾ 70ರಷ್ಟು ಎಂದು ಹಿಡಿದರೆ, 0.4 ಬಾರ್ ಬೂಸ್ಟಿನಲ್ಲಿ ಟರ್ಬೊವಿನಿಂದ ಹೊರಬರುವ ಗಾಳಿ ಸುಮಾರು 62 ಡಿಗ್ರಿಗೆ, 0.8 ಬಾರಿನಲ್ಲಿ ಸುಮಾರು 97 ಡಿಗ್ರಿಗೆ ಕಾದಿರುತ್ತದೆ. 0.9 ಬಾರಿಗೆ ಹೋದರೆ, ಚಿಕ್ಕ ಟರ್ಬೊವಿನ ದಕ್ಷತೆ ಅಷ್ಟರಲ್ಲಿ ತುಸು ಇಳಿದಿರುವುದರಿಂದ, ಸುಮಾರು 107 ಡಿಗ್ರಿ. ಇಂಟರ್‌ಕೂಲರ್ ಈ ಹೆಚ್ಚುವರಿ ಶಾಖದಲ್ಲಿ ಶೇಕಡಾ 60ರಷ್ಟನ್ನು ತೆಗೆದುಹಾಕುತ್ತದೆಂದು ಇಟ್ಟುಕೊಂಡರೆ, ಟರ್ಬೊ ಇಲ್ಲದ ಎಂಜಿನ್ನಿಗೆ ಹೋಲಿಸಿದಾಗ 0.4 ಬಾರಿನಲ್ಲಿ 1.32 ಪಟ್ಟು, 0.8ರಲ್ಲಿ 1.63 ಪಟ್ಟು, 0.9ರಲ್ಲಿ 1.70 ಪಟ್ಟು ಗಾಳಿ ಸಿಲಿಂಡರಿಗೆ ಹೋಗುತ್ತದೆ.

ಕಾರ್ಖಾನೆಯ ಹೊಂದಾಣಿಕೆಯಲ್ಲಿ ಎಪಿಸಿಯ ಕೈಗೆ ಸಿಗುತ್ತಿದ್ದ ವ್ಯಾಪ್ತಿ 1.32ರಿಂದ 1.63ರವರೆಗೆ. ಬೇಸಿಗೆಯ ಬಿಸಿಲಿನಲ್ಲಿ, 95 ಆಕ್ಟೇನಿನ ಪೆಟ್ರೋಲ್ ಹಾಕಿಕೊಂಡು ಏರುದಾರಿ ಹತ್ತುವಾಗ ನಾಕಿಂಗ್ ಕೇಳಿಸಿದರೆ, ಸಿಲಿಂಡರಿನ ಮೇಲಿನ ಹೊರೆಯನ್ನು ಶೇಕಡಾ 19ರಷ್ಟು ಇಳಿಸುವ ಅಧಿಕಾರ ಅದಕ್ಕಿತ್ತು. ಮಾರ್ಪಾಡಿನ ನಂತರ ವ್ಯಾಪ್ತಿಯೇ ಇಲ್ಲ; 1.70ರಲ್ಲಿ ಎಲ್ಲವೂ ಗಟ್ಟಿಯಾಗಿ ನಿಂತುಬಿಟ್ಟಿದೆ. ಲಾಭ ಕಾರ್ಖಾನೆಯ ಗರಿಷ್ಠಕ್ಕಿಂತ ಕೇವಲ ಶೇಕಡಾ 4ರಷ್ಟು ಹೆಚ್ಚು ಗಾಳಿ. ಓಡಿಸುವವರಿಗೆ ಅದು ಹೆಚ್ಚು ಅನ್ನಿಸುತ್ತದೆ ನಿಜ, ಏಕೆಂದರೆ ಮೊದಲಿನ ಜಿಗಿತದ ರಭಸವನ್ನು ಬೆನ್ನು ನೆನಪಿಟ್ಟುಕೊಳ್ಳುತ್ತದೆ. ಅಳತೆ ಮಾತ್ರ ಬೇರೆ ಮಾತು ಹೇಳುತ್ತದೆ.

ಬೂಸ್ಟ್ ಹೆಚ್ಚಾದರೆ ಎಂಜಿನ್ ಒಡೆಯುತ್ತದೆ ಎಂಬುದು ಅರ್ಧ ಸತ್ಯ. ಸಾಬ್ ಕಂಪನಿಯ ಈ ಎಂಜಿನ್ ಗಟ್ಟಿಮುಟ್ಟಾದದ್ದು, 0.9 ಅಥವಾ 1 ಬಾರ್ ಅದಕ್ಕೆ ತಾನೇ ತಾನಾಗಿ ಮಾರಕವಲ್ಲ. ಮಾರಕವಾದದ್ದು ನಾಕಿಂಗ್. ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿದಾಗ, ಆ ಆಘಾತದ ಅಲೆಯು ಪಿಸ್ಟನ್ನಿನ ಮೇಲ್ಮೈಯನ್ನು ಕಾಪಾಡುತ್ತಿದ್ದ ತೆಳುವಾದ ಗಾಳಿಪದರವನ್ನು ಕಿತ್ತೆಸೆಯುತ್ತದೆ. ಶಾಖ ನೇರವಾಗಿ ಅಲ್ಯೂಮಿನಿಯಮ್ಮಿಗೆ ತಾಗುತ್ತದೆ. ಪಿಸ್ಟನ್ ರಿಂಗುಗಳ ನಡುವಿನ ಅಂಚು ಮುರಿಯುವುದು, ಹೆಡ್ ಗ್ಯಾಸ್ಕೆಟ್ ಸುಡುವುದು ಇದರಿಂದ. ಡಿಸ್ಟ್ರಿಬ್ಯೂಟರಿಗೆ ಕಿವಿಯಿಲ್ಲದ ಈ ಎಂಜಿನ್ನಿನಲ್ಲಿ ಎಪಿಸಿಯ ಕೈ ಕಟ್ಟಿದರೆ ನಾಕಿಂಗನ್ನು ತಡೆಯುವವರು ಇನ್ನಾರೂ ಇಲ್ಲ.

ಬೆಂಗಳೂರಿನ ಓದುಗರಿಗೆ

ಬೆಂಗಳೂರಿನಲ್ಲಿ ಹಳೆಯ ಸ್ಕೋಡಾ ಆಕ್ಟೇವಿಯಾ 1.8 ಟರ್ಬೊ ಇಟ್ಟುಕೊಂಡಿರುವ ಉತ್ಸಾಹಿಗಳೂ ಇದೇ ಬಗೆಯ ವಾಲ್ವಿನ ಬಗ್ಗೆ ಕೇಳುವುದುಂಟು. ಆ ಕಾರಿನಲ್ಲಿ ಬೂಸ್ಟ್ ಅಳೆಯುವುದೂ ಹಿಡಿಯುವುದೂ ಎಂಜಿನ್ ಕಂಪ್ಯೂಟರೇ ಆದ್ದರಿಂದ, ಹೊರಗಿನಿಂದ ಹಾಕಿದ ವಾಲ್ವ್ ಒತ್ತಡವನ್ನು ಮಿತಿ ದಾಟಿಸಿದೊಡನೆ ಕಂಪ್ಯೂಟರ್ ದೋಷ ದಾಖಲಿಸಿ, ಬೂಸ್ಟನ್ನು ಸ್ಪ್ರಿಂಗಿನ ಮಟ್ಟಕ್ಕೆ ಇಳಿಸಿ ಕೂರುತ್ತದೆ. ಜೊತೆಗೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ವಾಯುಭಾರ ಸುಮಾರು 0.91 ಬಾರ್. ಗೇಜಿನಲ್ಲಿ ಅದೇ 0.8 ಕಾಣಬೇಕಾದರೆ ಟರ್ಬೊ ಗಾಳಿಯನ್ನು 1.8 ಪಟ್ಟಲ್ಲ, 1.88 ಪಟ್ಟು ಒತ್ತಬೇಕು. ಗಾಳಿ ಹೆಚ್ಚು ಕಾಯುತ್ತದೆ, ಆದರೆ ಸಿಲಿಂಡರಿಗೆ ಸಿಗುವ ಒಟ್ಟು ಒತ್ತಡ ಮಂಗಳೂರಿನಲ್ಲಿ ಸಿಗುವುದಕ್ಕಿಂತ ಕಡಿಮೆ. ಇನ್ನು ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಡೆಯುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ದುರಸ್ತಿ ಮತ್ತು ನಂತರದ ಹೊಂದಾಣಿಕೆ

ಮೊದಲು ಟೀ ಮತ್ತು ವಾಲ್ವನ್ನು ಕಿತ್ತು, ಟರ್ಬೊ, ಸೊಲೆನಾಯ್ಡ್, ವೇಸ್ಟ್‌ಗೇಟ್ ಇವುಗಳ ನಡುವಿನ ಎಲ್ಲ ಸಣ್ಣ ಹೋಸುಗಳನ್ನೂ ಹೊಸದಾಗಿ, ಕ್ಲಿಪ್ ಸಮೇತ ಹಾಕಲಾಯಿತು. ಟರ್ಬೊ ಕಡೆಯ ಬಾಯಿಯಲ್ಲಿ ಒಂದು ಕಿರಿದಾದ ರಂಧ್ರದ ತಡೆ ಇರುತ್ತದೆ. ಹೋಸ್ ಬದಲಿಸುವವರು ಅದನ್ನು ಕಸವೆಂದು ತಿಳಿದು ಎಸೆಯಬಾರದು, ಎಪಿಸಿಯ ಲೆಕ್ಕವೆಲ್ಲ ಅದರ ಮೇಲಿದೆ. ಆಮೇಲೆ ವೇಸ್ಟ್‌ಗೇಟಿನ ಸರಳನ್ನು ಸ್ವಲ್ಪ ಸ್ವಲ್ಪವಾಗಿ ಉದ್ದ ಮಾಡುತ್ತಾ, ಪ್ರತಿ ಸಲವೂ ಸೊಲೆನಾಯ್ಡಿನ ಪ್ಲಗ್ ಕಿತ್ತು ಓಡಿಸಿ ನೋಡುತ್ತಾ, ಮೂಲ ಬೂಸ್ಟನ್ನು 0.4ಕ್ಕೆ ತರಲಾಯಿತು. ಇದು ಬೇಸರದ ಕೆಲಸ. ಕಾದ ಟರ್ಬೊವಿನ ಪಕ್ಕದಲ್ಲಿ ಕೈ ಹಾಕಬೇಕು, ಆರುವ ತನಕ ಕಾಯಬೇಕು. ಕೊನೆಗೆ ಪ್ಲಗ್ ಹಾಕಿ ಓಡಿಸಿದಾಗ ಬೂಸ್ಟ್ 0.8ರ ಹತ್ತಿರ ಬಂದು ನಿಂತಿತು, ಕಿತ್ತಾಗ 0.4ಕ್ಕೆ ಇಳಿಯಿತು. ಮುಗ್ಗರಿಕೆ ಮತ್ತೆ ಕಾಣಿಸಲಿಲ್ಲ.

ಮಾಲೀಕರಿಗೆ ಇದರಿಂದ ಪೂರ್ತಿ ಸಮಾಧಾನವಾಗಲಿಲ್ಲ, ಆಗಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಹೆಚ್ಚು ಶಕ್ತಿ ಬೇಕೆನ್ನುವುದು ಟರ್ಬೊ ಕಾರು ಕೊಂಡವರ ಸಹಜ ಬಯಕೆ, ಅದನ್ನು ಅಪರಾಧವೆಂದು ನೋಡುವ ಉಪದೇಶ ನನಗೆ ಹಿಡಿಸುವುದಿಲ್ಲ. ಎಪಿಸಿ ಪೆಟ್ಟಿಗೆಯೊಳಗೆ ಪುಟ್ಟ ತಿರುಪುಗಳಿವೆ. ಅವುಗಳಲ್ಲಿ ಪಿ ಎಂಬುದು ಒತ್ತಡದ ಮೇಲ್ಮಿತಿಯನ್ನು, ಕೆ ಎಂಬುದು ನಾಕಿಂಗ್ ಕೇಳುವ ಸೂಕ್ಷ್ಮತೆಯನ್ನು ನಿರ್ಧರಿಸುತ್ತವೆ. ಕೆ ತಿರುಪನ್ನು ಮುಟ್ಟಬಾರದು. ಅದನ್ನು ಇಳಿಸುವುದೆಂದರೆ ಎಂಜಿನ್ನಿನ ಕಿವಿಗೆ ಹತ್ತಿ ತುರುಕಿದ ಹಾಗೆ. ಪಿ ತಿರುಪಿನ ಸಂಗತಿ ಬೇರೆ. ಅದರಿಂದ ಮೇಲ್ಮಿತಿಯನ್ನು 0.9ಕ್ಕೆ ಏರಿಸಿದರೆ, ಮೀನಿನ ತೊಟ್ಟಿಯ ವಾಲ್ವ್ ಕೊಡುತ್ತಿದ್ದ ಶೇಕಡಾ 4ರಷ್ಟು ಗಾಳಿಯೇ ಸಿಗುತ್ತದೆ, ಆದರೆ ಕೆಳಮಿತಿ 0.4ರಲ್ಲೇ ಉಳಿಯುತ್ತದೆ. ನಾಕಿಂಗ್ ಕೇಳಿಸಿದರೆ ಎಪಿಸಿ ಈಗ ಮೊದಲಿಗಿಂತ ದೂರ ಇಳಿಯಬಲ್ಲದು. ಒಂದೇ ಲಾಭಕ್ಕೆ ಎರಡು ದಾರಿ. ಒಂದರಲ್ಲಿ ಕಾವಲು ಉಳಿಯುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ.

ಅದಕ್ಕೂ ಮೊದಲು ಕೆಲವು ಕೆಲಸಗಳನ್ನು ಮಾಡಿಸಲಾಯಿತು. ಇಗ್ನಿಷನ್ ಸಮಯವನ್ನು ಟೈಮಿಂಗ್ ಲೈಟ್ ಹಿಡಿದು ನೋಡಿದಾಗ ಅದನ್ನೂ ಯಾರೋ ಮುಂದಕ್ಕೆ ತಳ್ಳಿದ್ದು ಕಂಡಿತು, ಹಿಂದಕ್ಕೆ ತರಲಾಯಿತು. ಇಂಟರ್‌ಕೂಲರಿನೊಳಗೆ ಟರ್ಬೊ ಸೀಲಿನಿಂದ ಬಂದ ಎಣ್ಣೆಯ ಪಸೆ ಗಟ್ಟಿಯಾಗಿತ್ತು, ತೊಳೆದು ಒಣಗಿಸಲಾಯಿತು. ಪೆಟ್ರೋಲ್ 98 ಆಕ್ಟೇನಿನದೇ ಇರಲಿ ಎಂದು ಹೇಳಲಾಯಿತು. ಸ್ವೀಡನ್ನಿನಲ್ಲಿ 2021ರ ಆಗಸ್ಟಿನಿಂದ 95ರ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಬರುತ್ತದೆ, 98ರಲ್ಲಿ ಶೇಕಡಾ 5; ಎಂಬತ್ತರ ದಶಕದ ರಬ್ಬರ್ ಪೈಪುಗಳ ದೃಷ್ಟಿಯಿಂದಲೂ ಎರಡನೆಯದೇ ಮೇಲು. ಆಮೇಲೆ ಪಿ ತಿರುಪನ್ನು ಗೇಜ್ ನೋಡಿಕೊಂಡು ತಿರುಗಿಸಿ 0.9ರಲ್ಲಿ ನಿಲ್ಲಿಸಲಾಯಿತು. ಒತ್ತಡದ ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ.

ಇದಕ್ಕಿಂತ ಮೇಲೆ ಹೋಗುವ ಮಾತು ಬಂದಾಗ ನಾನು ತಡೆದದ್ದು ಎಂಜಿನ್ನಿನ ಭಯದಿಂದಲ್ಲ, ಗೇರ್‌ಬಾಕ್ಸಿನ ಭಯದಿಂದ. 900 ಮಾದರಿಯಲ್ಲಿ ಗೇರ್‌ಬಾಕ್ಸ್ ಎಂಜಿನ್ನಿನ ಅಡಿಯಲ್ಲೇ ಕುಳಿತಿದ್ದು, ಸರಪಳಿಯ ಮೂಲಕ ಶಕ್ತಿ ಪಡೆಯುತ್ತದೆ. ಟರ್ಬೊ ಎಂಜಿನ್ನಿನ ಟಾರ್ಕಿಗೆ ಅದು ಮೊದಲಿನಿಂದಲೂ ಅಂಚಿನಲ್ಲಿರುವ ಭಾಗ, ಅದರ ಬೇರಿಂಗುಗಳು ಸವೆದು ಗುಂಯ್‌ಗುಡುವುದು ಈ ಕಾರನ್ನು ಬಲ್ಲವರಿಗೆಲ್ಲ ಗೊತ್ತು. ಗೇರ್‌ಬಾಕ್ಸಿಗೆ ಪೆಟ್ಟು ಬೀಳುವುದು 3000 ಆರ್‌ಪಿಎಮ್ ಸುತ್ತಮುತ್ತ ಒಮ್ಮೆಲೇ ಬರುವ ಟಾರ್ಕಿನಿಂದ. ಆದ್ದರಿಂದ ಕಡಿಮೆ ಆರ್‌ಪಿಎಮ್‌ನಲ್ಲಿ ಆಕ್ಸಿಲರೇಟರನ್ನು ನೆಲಕ್ಕೆ ಒತ್ತುವ ಅಭ್ಯಾಸ ಬಿಡುವುದು, ಗೇರ್ ಆಯಿಲನ್ನು ಈಗಲೇ ಬದಲಿಸಿ ಅದರಲ್ಲಿ ಲೋಹದ ಪುಡಿ ಎಷ್ಟಿದೆ ನೋಡುವುದು ಸದ್ಯದ ಶಿಫಾರಸು. ಟರ್ಬೊ ಎಣ್ಣೆಯಿಂದ ಮಾತ್ರ ತಂಪಾಗುವ ಮಾದರಿಯಾದ್ದರಿಂದ, ಜೋರಾಗಿ ಓಡಿಸಿ ಬಂದ ಕೂಡಲೇ ಎಂಜಿನ್ ಆರಿಸದೆ ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಬೇಕೆಂದೂ ತಿಳಿಸಲಾಗಿದೆ. ಗೇರ್ ಆಯಿಲಿನಲ್ಲಿ ಪುಡಿ ಹೆಚ್ಚು ಕಂಡರೆ ಪಿ ತಿರುಪು 0.8ಕ್ಕೆ ಮರಳುತ್ತದೆ ಎಂಬ ಷರತ್ತಿಗೆ ಮಾಲೀಕರು ಒಪ್ಪಿದ್ದಾರೆ.